ಸ್ಟವಾಂಗರ್‌ನ ತೈಲ ವಸ್ತುಸಂಗ್ರಹಾಲಯ: ನಕ್ಷೆ ಬರೆದವಳು ಕಂಡಂತೆ

ನಾನು 26 ವರ್ಷ ಮುಂಬಯಿಯ ವಿನ್ಯಾಸ ಕಚೇರಿಗಳಲ್ಲಿ ಕುಳಿತು ಸಮುದ್ರದ ನಡುವಿನ ತೈಲ ವೇದಿಕೆಗಳಿಗೆ ಪೈಪುಗಳ ನಕ್ಷೆ ಬರೆದವಳು. ಹುಟ್ಟಿದ್ದು ಗದಗ, ಡಿಪ್ಲೊಮಾ ಓದಿದ್ದು ಹುಬ್ಬಳ್ಳಿ, ಮದುವೆಯಾಗಿ 1991ರಲ್ಲಿ ಸೇರಿದ್ದು ಡೊಂಬಿವಲಿ. ಮೊದಲು ಇಳಿಜಾರು ಮೇಜಿನ ಮೇಲೆ ಟ್ರೇಸಿಂಗ್ ಹಾಳೆ ಮತ್ತು ಮಸಿ ಪೆನ್ನು, ಆಮೇಲೆ ಕಂಪ್ಯೂಟರ್, ಕೊನೆಗೆ ಮೂರು ಆಯಾಮದ ಮಾದರಿ. 2017ರಲ್ಲಿ ನಿವೃತ್ತಳಾದೆ. ಇಷ್ಟು ಕಾಲದಲ್ಲಿ ಒಂದು ವೇದಿಕೆಯ ಮೇಲೂ ಕಾಲಿಟ್ಟಿಲ್ಲ. ಹೆಲಿಕಾಪ್ಟರ್ ಹತ್ತಿ ಹೋಗುವವರು ಬೇರೆ, ಗೆರೆ ಎಳೆಯುವವರು ಬೇರೆ. ನನ್ನ ಗೆರೆಗಳು ಎಲ್ಲಿಗೆ ಹೋಗಿ ಏನಾದವು ಎಂಬುದನ್ನು ಫೋಟೊಗಳಲ್ಲಿ ಮಾತ್ರ ನೋಡಿದ್ದೆ.

ಕಳೆದ ಜೂನ್‌ನಲ್ಲಿ ಮಗನ ಮನೆಗೆಂದು ನಾರ್ವೆಯ ಸ್ಟವಾಂಗರ್‌ಗೆ ಹೋಗಿದ್ದೆ. ಆ ಊರಿಗೆ ಹೋಗುವ ನಮ್ಮವರು ಲೀಸೆಫ್ಯೂರ್ಡ್ ಕೊಲ್ಲಿಯ ಮೇಲೆ ಚಾಚಿರುವ ಪ್ರಸಿದ್ಧ ಬಂಡೆಯನ್ನು ಹತ್ತಿ, ಬಿಳಿ ಮರದ ಮನೆಗಳ ಹಳೆಯ ಬೀದಿಯಲ್ಲಿ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ನನ್ನ ಮಂಡಿಗೆ ಬಂಡೆ ಹತ್ತುವುದು ಆಗದು. ಹಾಗಾಗಿ ಮಗ ನನ್ನನ್ನು ಬಂದರಿನಂಚಿನ ನಾರ್ವೆ ತೈಲ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋದ. ಒಂದು ಗಂಟೆ ಸಾಕು ಎಂದು ಅವನ ಲೆಕ್ಕ. ಮೊದಲ ದಿನ ನಾಲ್ಕು ಗಂಟೆ ಇದ್ದೆವು. ಮರುವಾರ ನಾನೊಬ್ಬಳೇ ಹೋದೆ. ಹೊರಡುವ ಮುನ್ನ ಮೊಮ್ಮಗಳನ್ನು ಕರೆದುಕೊಂಡು ಮೂರನೇ ಸಲ ಹೋದೆ. ಯಾರಾದರೂ ಆ ಊರಿಗೆ ಹೋಗುವ ಕನ್ನಡಿಗರು ಓದಿ ಅರ್ಧ ದಿನ ಮೀಸಲಿಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಟ್ಟಡ 1999ರ ಮೇ ತಿಂಗಳಲ್ಲಿ ತೆರೆದದ್ದು. ನೀರಿನ ಕಡೆಗೆ ಉಕ್ಕಿನ ದುಂಡು ಗೋಪುರಗಳು ನಿಂತಿವೆ, ದೂರದಿಂದ ನೋಡಿದರೆ ಚಿಕ್ಕದೊಂದು ತೈಲ ವೇದಿಕೆಯೇ ದಡಕ್ಕೆ ಬಂದು ತಂಗಿದಂತೆ ಕಾಣುತ್ತದೆ. ಒಳಗೆ ಹೋದರೆ ಕೊರೆಯುವ ಹಲ್ಲುಗಳಿಂದ ಹಿಡಿದು ದೊಡ್ಡ ದೊಡ್ಡ ಮಾದರಿಗಳವರೆಗೆ ಎಲ್ಲವೂ ಇದೆ. ಮಕ್ಕಳು ಗುಂಡಿ ಒತ್ತುವ ಆಟಿಕೆಗಳ ಬಳಿ ಓಡುತ್ತಾರೆ. ನಾನು ಮಾದರಿಗಳ ಬಳಿ ನಿಂತುಬಿಟ್ಟೆ.

ಮಾದರಿ ನೋಡುವುದು ನನಗೆ ಓದು ಇದ್ದ ಹಾಗೆ. ಸಾಮಾನ್ಯ ಪ್ರವಾಸಿಗೆ ಅದು ಗೊಂಬೆಯ ಮನೆ. ನನ್ನ ಕಣ್ಣು ಮಾತ್ರ ಬಾವಿಗಳ ತಲೆ ಎಲ್ಲಿದೆ, ಅಲ್ಲಿಂದ ಎಣ್ಣೆ, ಅನಿಲ, ನೀರು ಬೇರ್ಪಡುವ ತೊಟ್ಟಿ ಎಲ್ಲಿದೆ, ಜನ ಮಲಗುವ ಭಾಗವನ್ನು ಬೆಂಕಿಯ ಅಪಾಯದಿಂದ ಎಷ್ಟು ದೂರ ಇಟ್ಟಿದ್ದಾರೆ, ಗಾಳಿ ಯಾವ ದಿಕ್ಕಿನಿಂದ ಬೀಸಿದರೆ ಉರಿಯುವ ಜ್ವಾಲೆ ಯಾವ ಕಡೆ ವಾಲುತ್ತದೆ ಎಂದು ತಾನಾಗಿಯೇ ಹುಡುಕುತ್ತದೆ. ನಾರ್ವೆಯ ಟ್ರೋಲ್ ಎ ಎಂಬ ವೇದಿಕೆಯ ಕಥೆ ನನಗೆ ಅಂಕಿಗಳಲ್ಲಿ ಬಾಯಿಪಾಠವಾಗಿತ್ತು: ಒಟ್ಟು ಎತ್ತರ 472 ಮೀಟರ್, ಅದರಲ್ಲಿ ಮುನ್ನೂರು ಮೀಟರಿಗೂ ಹೆಚ್ಚು ನೀರಿನ ಕೆಳಗೆ. 1995ರಲ್ಲಿ ಅದನ್ನು ನಿಂತ ಭಂಗಿಯಲ್ಲೇ ಕೊಲ್ಲಿಯಿಂದ ಸಮುದ್ರಕ್ಕೆ ಎಳೆದುಕೊಂಡು ಹೋದರು. ನಾಲ್ಕು ಕಾಂಕ್ರೀಟ್ ಕಂಬಗಳ ಆ ರೂಪವನ್ನು ಎದುರಿಗೆ ನೋಡಿದಾಗ ಮಾತ್ರ ಆ ಅಂಕಿಗೆ ಮೈ ಬಂತು. ಪಕ್ಕದಲ್ಲಿದ್ದ ಮಗನಿಗೆ, ನಮ್ಮ ಗೋಲಗುಮ್ಮಟದಂಥ ಒಂಬತ್ತು ಕಟ್ಟಡಗಳನ್ನು ಒಂದರ ಮೇಲೊಂದು ಇಟ್ಟರೂ ಇದರ ತುದಿ ಮುಟ್ಟಲು ತಡಕಾಡಬೇಕು ಎಂದೆ. ಅವನು ಮೊಬೈಲ್ ತೆಗೆದು ಲೆಕ್ಕ ಹಾಕಿ ಒಪ್ಪಿದ.

ನಾರ್ವೆಯ ತೈಲದ ಕಥೆ ಇಲ್ಲಿ ಮೊದಲಿನಿಂದ ಸಿಗುತ್ತದೆ. ಉತ್ತರ ಸಮುದ್ರದಲ್ಲಿ ಬಾವಿಯ ಮೇಲೆ ಬಾವಿ ಕೊರೆದು ಸೋತಿದ್ದ ಅಮೆರಿಕದ ಫಿಲಿಪ್ಸ್ ಕಂಪನಿ 1969ರಲ್ಲಿ ಕೈಬಿಡುವ ಯೋಚನೆಯಲ್ಲಿತ್ತು. ಬಾಡಿಗೆಗೆ ಹಿಡಿದಿದ್ದ ಓಶನ್ ವೈಕಿಂಗ್ ಕೊರೆಯಂತ್ರದ ಕರಾರು ಬಾಕಿ ಇತ್ತು. ಸುಮ್ಮನೆ ನಿಲ್ಲಿಸಿದರೂ ಬಾಡಿಗೆ ಕೊಡಬೇಕು, ಹಾಗಾಗಿ ಇನ್ನೊಂದು ಬಾವಿ ಕೊರೆದರು. ಅದರಲ್ಲಿ ಎಣ್ಣೆ ಸಿಕ್ಕಿತು, ಅದೇ ಎಕೋಫಿಸ್ಕ್ ತೈಲ ಕ್ಷೇತ್ರ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಸರ್ಕಾರಕ್ಕೆ ಸುದ್ದಿ ತಿಳಿಯಿತು. ಇಂಥ ಹೊತ್ತಿನಲ್ಲಿ ನಾರ್ವೆ ಸರ್ಕಾರದೊಳಗೆ ತೈಲ ಬಲ್ಲವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬರು ಇರಾಕಿನ ಬಸ್ರಾದಿಂದ ಬಂದ ಭೂವಿಜ್ಞಾನಿ ಫಾರೂಕ್ ಅಲ್ ಖಾಸಿಮ್. ಅನಾರೋಗ್ಯದ ಮಗನ ಚಿಕಿತ್ಸೆಗಾಗಿ ನಾರ್ವೆ ಮೂಲದ ಹೆಂಡತಿಯೊಂದಿಗೆ 1968ರಲ್ಲಿ ಇಲ್ಲಿಗೆ ಬಂದವರು, ಓಸ್ಲೊಗೆ ಬಂದಿಳಿದು ಮುಂದಿನ ರೈಲಿಗೆ ಸಮಯವಿದ್ದುದರಿಂದ ಕೈಗಾರಿಕಾ ಸಚಿವಾಲಯಕ್ಕೆ ಹೋಗಿ ಕೆಲಸ ಇದೆಯೇ ಎಂದು ಕೇಳಿದರು. ಒಂದು ದೇಶದ ತೈಲ ನೀತಿಗೆ ಅಡಿಪಾಯ ಹಾಕಿದವರಲ್ಲಿ ಅವರೂ ಒಬ್ಬರಾದರು. ಹೊಟ್ಟೆಪಾಡಿಗೂ ಮಕ್ಕಳಿಗೂ ಊರು ಬಿಟ್ಟು ಬಂದವರ ಬಗ್ಗೆ ನನಗೆ ಒಂದು ಸಲುಗೆ ಇದೆ, ಅದಕ್ಕೇ ಈ ಕಥೆಯನ್ನು ಮಗನಿಗೆ ಎರಡು ಸಲ ಹೇಳಿದೆ.

ಈಗ ನಾನು ಮೂರು ಸಲ ಹೋಗುವಂತೆ ಮಾಡಿದ ವಸ್ತುವಿನ ಬಗ್ಗೆ.

2002 ಅಥವಾ 2003 ಇರಬೇಕು. ನಾನಾಗ ಒಂದು ಚಿಕ್ಕ ಕಚೇರಿಯಲ್ಲಿದ್ದೆ, ಅದು ಈಗ ಇಲ್ಲ. ಪಶ್ಚಿಮ ಕರಾವಳಿಯ ಒಂದು ವೇದಿಕೆಗೆ ಹೊಸ ಪೈಪು ಸೇರಿಸುವ ಕೆಲಸ. ಎರಡು ಇಂಚಿನ ಸಣ್ಣ ಪೈಪು, ಅದಕ್ಕೆ ಆಸರೆ ಬೇಕು. ಹತ್ತಿರದಲ್ಲೇ ದಪ್ಪ ಉಕ್ಕಿನ ಒಂದು ಓರೆ ಕಂಬ ಹಾದುಹೋಗುತ್ತಿತ್ತು. ಅದರ ಮೇಲೆ ಅಂಗೈಯಗಲದ ತಗಡನ್ನು ಬೆಸೆದು ಪೈಪನ್ನು ಅದಕ್ಕೆ ಕಟ್ಟಬಹುದು ಎಂದು ಬರೆದೆ. ವೇದಿಕೆಯ ಉಕ್ಕಿನ ಚೌಕಟ್ಟನ್ನು ನೋಡಿಕೊಳ್ಳುವ ಕಟ್ಟಡ ವಿಭಾಗಕ್ಕೆ ತಿಳಿಸಲಿಲ್ಲ. ಅಂದಿನ ನಮ್ಮ ವಿಭಾಗದಲ್ಲಿ ಇಂಥ ಸಣ್ಣದಕ್ಕೆ ಯಾರೂ ತಿಳಿಸುತ್ತಿರಲಿಲ್ಲ, ಕೇಳಿದರೆ ಸಮಯ ಹಾಳು ಎನ್ನುತ್ತಿದ್ದರು. ನಕ್ಷೆ ಹೇಗೋ ಕಟ್ಟಡ ವಿಭಾಗದ ಹಿರಿಯರ ಮೇಜಿಗೆ ಹೋಯಿತು. ಕೇರಳದವರು, ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದವರು. ಅವರು ನಕ್ಷೆ ಹಿಡಿದುಕೊಂಡು ನಮ್ಮ ಸಾಲಿಗೆ ಬಂದು ಎಲ್ಲರ ಮುಂದೆ ಬೈದರು. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕರೆದು ಕೂರಿಸಿ, ಬೈದದ್ದು ಯಾಕೆ ಎಂದು ಹೇಳಲು ಒಂದು ಕಾಗದದ ಮೇಲೆ ಐದು ಕಾಲಿನ ಒಂದು ತೇಲುವ ವೇದಿಕೆಯನ್ನು ಬರೆದರು. ಅಲೆಕ್ಸಾಂಡರ್ ಎಲ್. ಕೀಲಾಂಡ್ ಎಂಬ ಹೆಸರು ಕೇಳಿದ್ದು ಅಂದೇ.

ಆ ವೇದಿಕೆಗೆ ಇಟ್ಟದ್ದು ಸ್ಟವಾಂಗರ್‌ನ ಹಳೆಯ ಸಾಹಿತಿಯೊಬ್ಬರ ಹೆಸರು. ಕೊರೆಯಲೆಂದು ಕಟ್ಟಿದ್ದನ್ನು ಎಕೋಫಿಸ್ಕ್ ಪ್ರದೇಶದಲ್ಲಿ ಕೆಲಸಗಾರರ ವಸತಿಗಾಗಿ ಬಳಸುತ್ತಿದ್ದರು. 1980ರ ಮಾರ್ಚ್ 27ರ ಸಂಜೆ, ಬಿರುಗಾಳಿ ಮತ್ತು ಎತ್ತರದ ಅಲೆಗಳ ನಡುವೆ, ಅದರ ಒಂದು ಕಾಲು ಮುರಿದು ಹೋಯಿತು. ವೇದಿಕೆ ವಾಲಿತು, ಸುಮಾರು ಇಪ್ಪತ್ತು ನಿಮಿಷದಲ್ಲಿ ಮಗುಚಿತು. ಮೇಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆಯಲ್ಲಿ ಬಿರುಕು ಹುಟ್ಟಿದ ಜಾಗ ಸಿಕ್ಕಿತು. ಕಾಲನ್ನು ಹಿಡಿದಿದ್ದ ಆರು ಓರೆ ಕೊಳವೆಗಳಲ್ಲಿ ಒಂದಕ್ಕೆ, ನೀರಿನೊಳಗಿನ ಶಬ್ದ ಗ್ರಹಿಸುವ ಉಪಕರಣವನ್ನು ಕೂರಿಸಲು ಒಂದು ಪುಟ್ಟ ಹಿಡಿಕೆಯನ್ನು ಬೆಸೆದಿದ್ದರು. ಭಾರ ಹೊರುವ ಭಾಗವಲ್ಲ ಅದು. ಆರು ಮಿಲಿಮೀಟರಿನ ಬೆಸುಗೆ. ಅಲ್ಲಿ ಹುಟ್ಟಿದ ಬಿರುಕು ಅಲೆಗಳ ಹೊಡೆತಕ್ಕೆ ಸದ್ದಿಲ್ಲದೆ ಬೆಳೆದು ಕೊಳವೆಯನ್ನು ಸುತ್ತಿತು. ಅದು ತುಂಡಾದ ಮೇಲೆ ಉಳಿದ ಐದು ಕೊಳವೆಗಳು ಭಾರ ತಾಳದೆ ಒಂದಾದ ಮೇಲೊಂದು ಹೋದವು.

ಆ ಕೊಳವೆಯ ತುಂಡು ಈ ವಸ್ತುಸಂಗ್ರಹಾಲಯದಲ್ಲಿದೆ.

ಅದರ ಮುಂದೆ ನಿಂತಾಗ ನನಗೆ ಅಳು ಬಂದದ್ದನ್ನು ಹೇಳಲು ಸಂಕೋಚವಿಲ್ಲ. ಒರಟು ಉಕ್ಕು, ಸೀಳಿದ ಅಂಚು. ಇಪ್ಪತ್ತು ವರ್ಷಗಳ ಹಿಂದೆ ಹಿರಿಯರು ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದ ವಸ್ತು ಕೈಯಳತೆಯ ದೂರದಲ್ಲಿತ್ತು. ನಾನು ಬೆಸೆಯಲು ಹೊರಟಿದ್ದ ತಗಡೂ ಆ ಹಿಡಿಕೆಯಂತೆಯೇ ಸಣ್ಣದು. ಆ ದಿನದಿಂದ ನಿವೃತ್ತಿಯ ದಿನದವರೆಗೆ, ಮುಖ್ಯ ಉಕ್ಕಿನ ಮೇಲೆ ಏನನ್ನೇ ಬೆಸೆಯಬೇಕಿದ್ದರೂ ನಕ್ಷೆಯನ್ನು ಹಿಡಿದುಕೊಂಡು ನಾನೇ ಎದ್ದು ಕಟ್ಟಡ ವಿಭಾಗಕ್ಕೆ ಹೋಗುತ್ತಿದ್ದೆ. ಮಿಂಚಂಚೆ ಕಳಿಸಿ ಕೂರುತ್ತಿರಲಿಲ್ಲ. ನನ್ನ ಕೈಕೆಳಗೆ ಬಂದ ಹುಡುಗ ಹುಡುಗಿಯರಿಗೂ ಅದನ್ನೇ ಕಲಿಸಿದೆ. ಸಂಗ್ರಹಾಲಯದವರು ಈ ತುಂಡನ್ನು ಸಾಧನೆಯ ಮಾದರಿಗಳ ಜೊತೆ ಒಂದೇ ಸೂರಿನಡಿ ಇಟ್ಟಿದ್ದಾರೆ. ತಮ್ಮ ದೇಶವನ್ನು ಶ್ರೀಮಂತವಾಗಿಸಿದ ಕೆಲಸ ಎಷ್ಟು ಜೀವ ತೆಗೆದುಕೊಂಡಿತು ಎಂದು ಶಾಲೆಯ ಮಕ್ಕಳಿಗೂ ಕಾಣುವಂತೆ ಇಟ್ಟಿರುವುದಕ್ಕೆ ನಾನು ಈ ಜಾಗಕ್ಕೆ ಕೈಮುಗಿಯುತ್ತೇನೆ.

ಮುಳುಗುಗಾರರ ವಿಭಾಗದಲ್ಲೂ ಇದೇ ಭಾವ. ಅವರು ಇಳಿಯುತ್ತಿದ್ದ ಗಂಟೆಯಾಕಾರದ ಉಕ್ಕಿನ ಗೂಡು ನೋಡಿದರೆ ಉಸಿರು ಕಟ್ಟುತ್ತದೆ. ಆರಂಭದ ವರ್ಷಗಳಲ್ಲಿ ಸಮುದ್ರದ ತಳದಲ್ಲಿ ಪೈಪುಗಳನ್ನು ಜೋಡಿಸಿದವರು ಅವರು. ಹಲವರ ಆರೋಗ್ಯ ಶಾಶ್ವತವಾಗಿ ಕೆಟ್ಟಿತು, ಅವರು ಪರಿಹಾರಕ್ಕಾಗಿ ದಶಕಗಳ ಕಾಲ ಹೋರಾಡಿದರು. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು: ನೀರಿನಿಂದ ಮೇಲೆ ಬರುವಾಗ ಅನುಸರಿಸಬೇಕಾದ ಸಮಯಪಟ್ಟಿಗಳ ಅಪಾಯದ ಬಗ್ಗೆ ಅವರಿಗೆ ತಕ್ಕ ಮಾಹಿತಿ ಸಿಗುವಂತೆ ದೇಶ ನೋಡಿಕೊಳ್ಳಬೇಕಿತ್ತು ಎಂದು. ನಾವು ನಕ್ಷೆಯಲ್ಲಿ ಸಮುದ್ರದ ತಳದ ಜೋಡಣೆಯನ್ನು ಒಂದು ಚಿಕ್ಕ ಗುರುತಿನಿಂದ ತೋರಿಸುತ್ತಿದ್ದೆವು. ಆ ಗುರುತಿನ ಹಿಂದೆ ಒಂದು ಮೈ ಇರುತ್ತದೆ ಎಂದು ಕಚೇರಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ನಕ್ಷೆಗಾರರು ಈ ಊರಿಗೆ ಬಂದರೆ ನೆನೆಯಬೇಕಾದ ಇನ್ನೊಂದು ಘಟನೆಯಿದೆ. ಸ್ಟವಾಂಗರ್‌ನ ಪಕ್ಕದ ಗಾಂಡ್ಸ್‌ಫ್ಯೂರ್ಡ್ ಎಂಬ ಕೊಲ್ಲಿಯಲ್ಲಿ 1991ರ ಆಗಸ್ಟ್ 23ರಂದು ಸ್ಲೈಪ್ನರ್ ಎ ವೇದಿಕೆಯ ಕಾಂಕ್ರೀಟ್ ಬುಡವನ್ನು ಪರೀಕ್ಷೆಗಾಗಿ ನೀರಿನಲ್ಲಿ ಇಳಿಸುತ್ತಿದ್ದರು. ಒಳಗೆ ದೊಡ್ಡ ಸದ್ದಾಯಿತು, ನೀರು ನುಗ್ಗಿತು, ಹದಿನೆಂಟು ನಿಮಿಷದಲ್ಲಿ ಇಡೀ ರಚನೆ ತಳ ಸೇರಿ ಪುಡಿಯಾಯಿತು. ಭೂಕಂಪ ಮಾಪಕಗಳು ಆ ಹೊಡೆತವನ್ನು ದಾಖಲಿಸಿದವು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಕಾರಣ ಹುಡುಕಿದಾಗ ಕಂಪ್ಯೂಟರ್ ಲೆಕ್ಕದಲ್ಲಿ ಗೋಡೆಗಳು ಕೂಡುವ ಮೂಲೆಯ ಮೇಲಿನ ಬಲವನ್ನು ಶೇಕಡಾ 47ರಷ್ಟು ಕಡಿಮೆ ಅಂದಾಜಿಸಿದ್ದು ಗೊತ್ತಾಯಿತು. ಆ ಮೂಲೆಯ ಉಕ್ಕಿನ ಸರಳುಗಳೂ ಸಾಕಷ್ಟು ಉದ್ದ ಇರಲಿಲ್ಲ. ಮುಂದೇನು ಮಾಡಿದರು ಎಂಬುದೇ ನನಗೆ ಮುಖ್ಯ. ಅನಿಲ ಕೊಡುವ ಮಾತು ಕೊಟ್ಟಾಗಿತ್ತು, ಹೊಸ ಕಂಪ್ಯೂಟರ್ ಲೆಕ್ಕ ಸಿದ್ಧವಾಗುವವರೆಗೆ ಕಾಯುವಂತಿರಲಿಲ್ಲ. ಹಳೆಯ ತಲೆಮಾರಿನ ಕೈಲೆಕ್ಕದ ವಿಧಾನಗಳಿಂದಲೇ ಹೊಸ ಬುಡದ ವಿನ್ಯಾಸ ಶುರುಮಾಡಿದರು, ಕಂಪ್ಯೂಟರ್ ಫಲಿತಾಂಶ ಬಂದ ಹಾಗೆ ಅದರೊಂದಿಗೆ ತಾಳೆ ನೋಡಿದರು. 1993ರಲ್ಲಿ ವೇದಿಕೆ ಕೆಲಸ ಆರಂಭಿಸಿತು. ಎರಡನೇ ಸಲ ಹೋದಾಗ ಸಂಗ್ರಹಾಲಯದಿಂದ ಹೊರಬಂದು ಬಂದರಿನ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಇದನ್ನೇ ಯೋಚಿಸಿದೆ. 1991 ನಾನು ಕೆಲಸಕ್ಕೆ ಸೇರಿದ ವರ್ಷವೂ ಹೌದು.

ನನ್ನ ಬಾಳಿನ ದೊಡ್ಡ ಕೆಲಸ ಬಂದದ್ದು ಕೊನೆಯಲ್ಲಿ. ಸ್ಟವಾಂಗರ್‌ನ ಪಶ್ಚಿಮಕ್ಕೆ ಸಮುದ್ರದಲ್ಲಿರುವ ಯೋಹಾನ್ ಸ್ವೆರ್ಡ್ರುಪ್ ತೈಲ ಕ್ಷೇತ್ರ. 2010ರಲ್ಲಿ ಒಂದು ಗುತ್ತಿಗೆ ಪ್ರದೇಶದಲ್ಲಿ, 2011ರಲ್ಲಿ ಪಕ್ಕದ ಗುತ್ತಿಗೆ ಪ್ರದೇಶದಲ್ಲಿ ಎಣ್ಣೆ ಸಿಕ್ಕಿತು, ಎರಡೂ ಒಂದೇ ನಿಧಿ ಎಂದು ಆಮೇಲೆ ಖಚಿತವಾಯಿತು. ಅಂದಾಜು 270 ಕೋಟಿ ಬ್ಯಾರೆಲ್. ಮೊದಲ ಹಂತದಲ್ಲಿ ಸೇತುವೆಗಳಿಂದ ಜೋಡಿಸಿದ ನಾಲ್ಕು ವೇದಿಕೆಗಳು: ಕೊರೆಯಲು ಒಂದು, ಸಂಸ್ಕರಿಸಲು ಒಂದು, ಪೈಪುಗಳು ಸಮುದ್ರದ ತಳದಿಂದ ಏರಿ ಬರುವುದಕ್ಕೆ ಒಂದು, ಜನರ ವಸತಿಗೆ ಒಂದು. ಇದರ ಒಂದು ಪುಟ್ಟ ಪಾಲು ಮುಂಬಯಿಯಲ್ಲಿ ನಮ್ಮ ಮೇಜುಗಳಿಗೆ ಬಂತು. ನನ್ನ ಪಾಲಿಗೆ ಬಂದವು ಸಾಧಾರಣ ಪೈಪುಗಳು, ಬೆಂಕಿ ಆರಿಸುವ ನೀರಿನವು ಮತ್ತು ಯಂತ್ರ ತಂಪಾಗಿಸುವ ನೀರಿನವು. ಎಣ್ಣೆಯ ದೊಡ್ಡ ಕೊಳವೆಗಳಲ್ಲ. ಬೆಂಕಿಯ ನೀರಿನ ಪೈಪು ಬರೆಯುವವಳು ತನ್ನ ಕೆಲಸ ಎಂದೂ ಬಳಕೆಗೆ ಬಾರದಿರಲಿ ಎಂದು ಬಯಸುತ್ತಾ ಬರೆಯಬೇಕು, ಬಂದರೆ ಮಾತ್ರ ಒಂದು ಹನಿಯೂ ತಪ್ಪಬಾರದು.

ಆ ಕೆಲಸದ ದಿನಚರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸಂಸ್ಕರಣೆಯ ವೇದಿಕೆಯನ್ನೂ ಪೈಪುಗಳು ಏರುವ ವೇದಿಕೆಯನ್ನೂ ಕಟ್ಟುತ್ತಿದ್ದದ್ದು ದಕ್ಷಿಣ ಕೊರಿಯಾದ ಗೋಜೆ ದ್ವೀಪದ ಹಡಗುಕಟ್ಟೆಯಲ್ಲಿ. ಕೊರೆಯುವ ವೇದಿಕೆಯ ಒಂದು ಭಾಗ ಥಾಯ್ಲೆಂಡಿನಲ್ಲಿ ಸಿದ್ಧವಾಗಿ ನಾರ್ವೆಯ ಹೌಗೆಸುಂಡ್‌ಗೆ ಬಂದು ಉಳಿದದ್ದರೊಂದಿಗೆ ಸೇರಬೇಕಿತ್ತು. ವಸತಿಯ ವೇದಿಕೆ ನಾರ್ವೆಯ ಸ್ಟೂರ್ಡ್‌ನಲ್ಲಿ. ಕೊರಿಯಾ ನಮಗಿಂತ ಮೂರೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾರ್ವೆ ನಮಗಿಂತ ಮೂರೂವರೆ ಗಂಟೆ ಹಿಂದೆ. ನಾನು ಲೋಕಲ್ ಇಳಿದು ಕಚೇರಿಗೆ ಬರುವ ಹೊತ್ತಿಗೆ ಪೂರ್ವದ ಪ್ರಶ್ನೆಗಳು ಬಂದು ಕೂತಿರುತ್ತಿದ್ದವು. ಡಬ್ಬಿ ಬಿಚ್ಚುವ ಹೊತ್ತಿಗೆ ಪಶ್ಚಿಮದಲ್ಲಿ ಬೆಳಗಾಗಿ ಇನ್ನೊಂದು ಸುತ್ತು ಶುರುವಾಗುತ್ತಿತ್ತು. ನಾವು ಮುಂಬಯಿಯವರು ಎರಡರ ನಡುವೆ ದೀಪ ಹಿಡಿದು ನಿಂತವರಂತೆ ಇದ್ದೆವು.

ಕಂಪ್ಯೂಟರಿನ ಮೂರು ಆಯಾಮದ ಮಾದರಿಯ ಪರಿಶೀಲನೆಗಳು ಮೂರು ಹಂತದಲ್ಲಿ ನಡೆಯುತ್ತವೆ: ಕೆಲಸ ಶೇಕಡಾ 30 ಮುಗಿದಾಗ, 60ಕ್ಕೆ, 90ಕ್ಕೆ. ಅಂಥ ಒಂದು ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ನನ್ನ ಪೈಪು ಮತ್ತು ಅದರ ಕವಾಟವನ್ನು ಸುತ್ತಿ ತೋರಿಸುತ್ತಿದ್ದಾಗ ನಾರ್ವೆಯ ಕಡೆಯಿಂದ ಒಬ್ಬರು ಮಾತಾಡಿದರು. ಅವರು ಎಂಜಿನಿಯರ್ ಅಲ್ಲ, ವೇದಿಕೆಯ ಮೇಲೆ ಕವಾಟ ತಿರುಗಿಸುವ ಕೆಲಸ ಮಾಡಿ ಬಂದವರು. ನಾರ್ವೆಯಲ್ಲಿ ಕೆಲಸಗಾರರು ತಮ್ಮ ಸುರಕ್ಷತೆಯ ಪ್ರತಿನಿಧಿಗಳನ್ನು ತಾವೇ ಆರಿಸುತ್ತಾರೆ, ಇದಕ್ಕೆ ಕಾನೂನಿನ ಬಲವಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ದಪ್ಪ ಕೈಗವಸು ಹಾಕಿಕೊಂಡು, ಗಾಳಿಯಲ್ಲಿ, ಒಂದು ಕೈಯಲ್ಲಿ ಕಟಕಟೆ ಹಿಡಿದುಕೊಂಡು ಈ ಚಕ್ರವನ್ನು ತಿರುಗಿಸಲು ಆಗುತ್ತದೆಯೇ? ನನ್ನ ಮಾದರಿಯಲ್ಲಿ ಆಗುತ್ತಿರಲಿಲ್ಲ. ಮರುದಿನ ಕವಾಟವನ್ನು 300 ಮಿಲಿಮೀಟರ್ ಕೆಳಗಿಳಿಸಿದೆ. ಯಾರೂ ಧ್ವನಿ ಎತ್ತಲಿಲ್ಲ, ಯಾರ ತಪ್ಪು ಎಂದು ಕೇಳಲಿಲ್ಲ. ನನ್ನ ಅನುಭವದಲ್ಲಿ ಕೂಡಿ ಕೆಲಸ ಮಾಡುವುದು ಎಂದರೆ ಆ ಪ್ರಶ್ನೆ ಮತ್ತು ಆ 300 ಮಿಲಿಮೀಟರ್.

ಇನ್ನೊಂದು ಮಾತು ಪೈಪಿನವರಿಗೆ ಮಾತ್ರ ಗೊತ್ತು. ಎರಡು ಕಡೆ ಕಟ್ಟಿದ ಭಾಗಗಳು ಸಮುದ್ರದಲ್ಲಿ ಕೂಡುವ ಜಾಗದಲ್ಲಿ ಪೈಪಿನ ತುದಿಗೆ ನೂರು, ನೂರೈವತ್ತು ಮಿಲಿಮೀಟರ್ ಹೆಚ್ಚುವರಿ ಉದ್ದ ಬಿಟ್ಟು ಬರೆಯುತ್ತೇವೆ. ಅಲ್ಲಿ ನಿಂತ ಬೆಸುಗೆಗಾರ ಅಳೆದು, ಬೇಕಾದಷ್ಟು ಕತ್ತರಿಸಿ ಕೂಡಿಸುತ್ತಾನೆ. ಅವನನ್ನು ನಾನು ಕಂಡಿಲ್ಲ, ಅವನು ನನ್ನನ್ನು ಕಂಡಿಲ್ಲ. ಅವನ ಕೈಗೆಂದು ಬಿಟ್ಟ ಜಾಗ ಅದು.

2018ರ ಜೂನ್‌ನಲ್ಲಿ ಪಯನೀರಿಂಗ್ ಸ್ಪಿರಿಟ್ ಎಂಬ 382 ಮೀಟರ್ ಉದ್ದದ ಜೋಡಿ ಮೂತಿಯ ಹಡಗು 22,000 ಟನ್ನಿನ ಕೊರೆಯುವ ವೇದಿಕೆಯನ್ನು ಒಂದೇ ಎತ್ತಿಗೆ ಎತ್ತಿ ಅದರ ಕಾಲುಗಳ ಮೇಲೆ ಇಟ್ಟಿತು. 2019ರ ಮಾರ್ಚ್‌ನಲ್ಲಿ 26,000 ಟನ್ನಿನ ಸಂಸ್ಕರಣೆಯ ವೇದಿಕೆ, ಅದರ ಹಿಂದೆಯೇ ವಸತಿಯದ್ದು. ನಾನಾಗ ನಿವೃತ್ತಳಾಗಿ ಮನೆಯಲ್ಲಿದ್ದೆ. ಹಳೆಯ ಸಹೋದ್ಯೋಗಿ ಕಳಿಸಿದ ವಿಡಿಯೊವನ್ನು ಅಡುಗೆಮನೆಯಲ್ಲಿ ನಿಂತು ನೋಡಿದೆ, ಒಲೆಯ ಮೇಲಿನ ಸಾರು ಉಕ್ಕಿದ್ದು ತಿಳಿಯಲಿಲ್ಲ. ಬೇರೆ ಬೇರೆ ದೇಶದಲ್ಲಿ ಹುಟ್ಟಿದ ಉಕ್ಕಿನ ತುಂಡುಗಳ ನಡುವೆ ಸೇತುವೆ ಬಂದು ತನ್ನ ಜಾಗದಲ್ಲಿ ಕೂತಿತು. ಅದೇ ವರ್ಷ ಅಕ್ಟೋಬರ್ 5ರಂದು ಎಣ್ಣೆ ಹರಿಯಿತು, ಯೋಜಿಸಿದ್ದಕ್ಕಿಂತ ಎರಡು ತಿಂಗಳಿಗೂ ಮೊದಲು, ಮೊದಲ ಅಂದಾಜಿಗಿಂತ 4,000 ಕೋಟಿ ಕ್ರೋನರ್ (ನಾರ್ವೆಯ ಹಣ) ಕಡಿಮೆ ಖರ್ಚಿನಲ್ಲಿ. 2022ರ ಡಿಸೆಂಬರ್‌ನಲ್ಲಿ ಎರಡನೇ ಹಂತ ಶುರುವಾಯಿತು. ದೊಡ್ಡ ಯೋಜನೆ ಎಂದರೆ ತಡ ಮತ್ತು ದುಬಾರಿ ಎಂದು ಕೇಳಿ ಕೇಳಿ ಬೇಸತ್ತವಳು ನಾನು. ಈ ಅಂಕಿಗಳನ್ನು ಹೇಳುವಾಗ ನನ್ನ ಬೆನ್ನು ನೇರವಾಗುತ್ತದೆ.

ಸಂಗ್ರಹಾಲಯದಲ್ಲಿ ಪೈಪುಗಳು ಸಮುದ್ರದಿಂದ ಏರುವ ಭಾಗವನ್ನು ನೋಡುವಾಗ ಮನಸ್ಸು ಮುಂಬಯಿಗೆ ಹೋಯಿತು. 2005ರ ಜುಲೈ 26ರ ಮಹಾಮಳೆಯ ರಾತ್ರಿ ನಾವು ಹದಿನೇಳು ಮಂದಿ ಕಚೇರಿಯಲ್ಲೇ ಸಿಕ್ಕಿಕೊಂಡಿದ್ದೆವು. ಮರುದಿನ ಸೊಂಟದ ನೀರಿನಲ್ಲಿ ನಡೆದು ಮನೆ ಸೇರಿದ ಮೇಲೆ ಸುದ್ದಿ ಬಂತು: ಅರಬ್ಬಿ ಸಮುದ್ರದ ಮುಂಬಯಿ ಹೈ ತೈಲ ಕ್ಷೇತ್ರದ ಉತ್ತರದ ವೇದಿಕೆಗೆ ಬೆಂಕಿ ಬಿದ್ದಿದೆ. ಗಾಯಗೊಂಡ ಒಬ್ಬನನ್ನು ವೇದಿಕೆಗೆ ದಾಟಿಸಲು ಹತ್ತಿರ ಬಂದ ನೆರವಿನ ಹಡಗು ಅನಿಲದ ಏರುಕೊಳವೆಗೆ ತಾಗಿತ್ತು. 22 ಮಂದಿ ಹೋದರು. ಸಾಗರ್ ಸಮ್ರಾಟ್ ಎಂಬ ಕೊರೆಯಂತ್ರ 1974ರಲ್ಲಿ ಎಣ್ಣೆ ಕಂಡ ಆ ಕ್ಷೇತ್ರದ ಪಕ್ಕದಲ್ಲೇ ನನ್ನ ವೃತ್ತಿ ಬೆಳೆದದ್ದು. ಅಲ್ಲಿ ಸತ್ತವರಿಗಾಗಿ, ಅಲ್ಲಿ ದುಡಿದವರಿಗಾಗಿ, ಮುಂಬಯಿಯ ಕಡಲಂಚಿನಲ್ಲೂ ಇಂಥದೊಂದು ಕಟ್ಟಡ ಎದ್ದರೆ ಶಾಲೆಯ ಮಕ್ಕಳು ಬಂದು ನೋಡಿಯಾರು. ನನ್ನ ಬಳಿ ಇರುವ ಹಳೆಯ ಸ್ಕೇಲು, ಪೆನ್ನುಗಳನ್ನು ಮೊದಲ ದಿನವೇ ಕೊಟ್ಟುಬರುತ್ತೇನೆ.

ನಾರ್ವೆಯ ಸಂಗ್ರಹಾಲಯಕ್ಕೆ ಐದರಲ್ಲಿ ಐದು ಅಂಕ ಕೊಡುತ್ತೇನೆ. ಒಂದು ಆಸೆಯನ್ನೂ ಹೇಳಿಬಿಡುತ್ತೇನೆ. ಪ್ರತಿ ನಕ್ಷೆಯ ಬಲಗಡೆ ಕೆಳಗೆ ಒಂದು ಚೌಕಟ್ಟು ಇರುತ್ತದೆ, ಬರೆದವರು, ಪರಿಶೀಲಿಸಿದವರು, ಒಪ್ಪಿದವರು ಎಂದು ಮೂರು ಜನರ ಹೆಸರಿನ ಮೊದಲಕ್ಷರಗಳು. ತಿದ್ದುಪಡಿಯಾದಾಗಲೆಲ್ಲ ಅದರ ಮೇಲೆ ಇನ್ನೊಂದು ಸಾಲು ಸೇರುತ್ತದೆ. ಅಂಥ ಒಂದೇ ಒಂದು ಹಾಳೆಯನ್ನು, ಎಂಟು ಹತ್ತು ತಿದ್ದುಪಡಿಗಳ ಸಾಲುಗಳ ಸಮೇತ, ಒಂದು ಗೋಡೆಯ ಮೇಲೆ ತೂಗುಹಾಕಿದರೆ ನನ್ನಂಥವರಿಗೆ ಹಬ್ಬ. ಯಾವ ವೇದಿಕೆಯದಾದರೂ ಸರಿ.

ಹೋಗುವವರಿಗೆ ಎರಡು ಮಾತು. ರೈಲು ನಿಲ್ದಾಣದಿಂದ ಬಂದರಿಗೆ ನಡೆದೇ ಹೋಗಬಹುದು. ಮಕ್ಕಳಿದ್ದರೆ ಬಲೆಯ ಕೊಳವೆಯೊಳಗೆ ಜಾರಿ ಇಳಿಯುವ ತುರ್ತು ದಾರಿಯನ್ನು ಬಿಡಬೇಡಿ. ವೇದಿಕೆಯಿಂದ ತಪ್ಪಿಸಿಕೊಳ್ಳಲು ಬಳಸುವ ವಿಧಾನವದು, ನನ್ನ ಆರು ವರ್ಷದ ಮೊಮ್ಮಗಳು ಹನ್ನೊಂದು ಸಲ ಇಳಿದಳು. ಸಂಗ್ರಹಾಲಯದ ಹೊರಗೆ ತೈಲ ಉದ್ಯಮದ ಹಳೆಯ ಸಾಮಾನುಗಳಿಂದ ಮಾಡಿದ ಆಟದ ಬಯಲು ಇದೆ, ಅದಕ್ಕೆ ಹಣ ಕೇಳುವುದಿಲ್ಲ. ಟ್ರೋಲ್ ಕ್ಷೇತ್ರದ ನೆಲದಡಿಯ ಪದರಗಳ ಆಕಾರವನ್ನೇ ಚಿಕ್ಕದಾಗಿಸಿ ಆ ಬಯಲಿನ ಏರಿಳಿತ ಮಾಡಿದ್ದಾರಂತೆ. ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಅಲ್ಲಿ ಹಗಲಿನಷ್ಟು ಬೆಳಕು, ಹುಡುಗರು ಚಕ್ರದ ಹಲಗೆಗಳ ಮೇಲೆ ಸುಯ್ಯೆಂದು ಜಾರುತ್ತಿರುತ್ತಾರೆ.

ಕೊನೆಯ ದಿನ ಮೊಮ್ಮಗಳು ಅಲ್ಲಿಯ ಒಂದು ಹಳೆಯ ಪೈಪಿನ ಮೇಲೆ ಕುದುರೆ ಸವಾರಿಯಂತೆ ಕೂತು, ಅಜ್ಜಿ, ಇದನ್ನು ನೀನು ಮಾಡಿದ್ದಾ ಎಂದು ಕೇಳಿದಳು. ಇದನ್ನಲ್ಲ ಎಂದೆ. ಅಂಗೈಯಿಂದ ಅದರ ಬೆಸುಗೆಯನ್ನು ಸವರಿ ನೋಡಿದೆ. ಬಹಳ ಸಮವಾದ ಬೆಸುಗೆ, ಎಲ್ಲೂ ಉಬ್ಬಿಲ್ಲ, ಎಲ್ಲೂ ತಗ್ಗಿಲ್ಲ. ಮಾಡಿದವನು ಅವಸರ ಪಟ್ಟಿರಲಿಲ್ಲ. ಅವಳ ಪುಟ್ಟ ಕೈ ಹಿಡಿದು ಅದೇ ಗೆರೆಯ ಮೇಲೆ ನಿಧಾನಕ್ಕೆ ಓಡಿಸಿದೆ.